ನಮೀಬಿಯಾ: ನೀರಿನ ಜಾಡು ಹಿಡಿದು ಮರಳುಗಾಡಿನಲ್ಲಿ

ನಮಸ್ಕಾರ ಎಲ್ಲರಿಗೂ. ಈಗ ನೀವು ನೋಡುತ್ತಿರುವ ಊರು ವಿಂಡ್‌ಹುಕ್, ನಮೀಬಿಯಾದ ರಾಜಧಾನಿ. ಆಫ್ರಿಕಾದ ನೈಋತ್ಯ ಮೂಲೆಯಲ್ಲಿ, ಅಟ್ಲಾಂಟಿಕ್ ಸಾಗರಕ್ಕೆ ಅಂಟಿಕೊಂಡಿರುವ ದೇಶ ಇದು. ವಿಸ್ತೀರ್ಣದಲ್ಲಿ ಕರ್ನಾಟಕದ ನಾಲ್ಕು ಪಟ್ಟಿಗಿಂತ ಜಾಸ್ತಿ. ಜನ ಎಷ್ಟು ಗೊತ್ತಾ? 2023ರ ಜನಗಣತಿ ಪ್ರಕಾರ 30 ಲಕ್ಷ ಚಿಲ್ಲರೆ, ಅಷ್ಟೇ. ಇಡೀ ದೇಶದ ಜನ ಬೆಂಗಳೂರಿನ ಒಂದು ಭಾಗದಲ್ಲಿ ಹಿಡಿಸುತ್ತಾರೆ.

ಯಾಕೆ ಇಷ್ಟು ಕಡಿಮೆ ಅಂದರೆ, ನೀರಿಲ್ಲ. ವರ್ಷವಿಡೀ ಹರಿಯುವ ನದಿಗಳೆಲ್ಲ ಉತ್ತರ ಮತ್ತು ದಕ್ಷಿಣದ ಗಡಿಯಲ್ಲೇ ಇವೆ. ಒಳಗಿನವು ಮಳೆ ಬಂದಾಗ ಒಂದಷ್ಟು ದಿನ ಹರಿದು ಮರಳಾಗುತ್ತವೆ.

ನಾನು ಕೋಲಾರದವಳು. ಸಾವಿರದೈನೂರು ಅಡಿ ಬೋರ್ ಕೊರೆಸಿ, ಬರೀ ಧೂಳು ಎದ್ದಿದ್ದನ್ನು ನೋಡುತ್ತಾ ನಿಂತ ಮನೆಗಳ ನಡುವೆ ಬೆಳೆದವಳು. ಹಾಗಾಗಿ ಟ್ರಿಪ್ ಪ್ಲಾನ್ ಮಾಡುವಾಗ ಇವರು, ಅಂದರೆ ನಮ್ಮ ಯಜಮಾನರು, ಮರಳ ದಿಬ್ಬ, ಚೀತಾ, ನಕ್ಷತ್ರ ಅಂತ ಪಟ್ಟಿ ಮಾಡಿದರೆ, ನನ್ನ ತಲೆಯಲ್ಲಿ ಇದ್ದದ್ದು ಒಂದೇ ಪ್ರಶ್ನೆ. ಈ ಜನ ನೀರಿಗೆ ಏನು ಮಾಡುತ್ತಾರೆ?

ಉತ್ತರ ಮೊದಲ ದಿನವೇ ಸಿಕ್ಕಿತು, ಗೆಸ್ಟ್‌ಹೌಸ್‌ನ ಅಡುಗೆಮನೆಯಲ್ಲಿ. ಬಾಟಲಿ ನೀರು ಎಲ್ಲಿ ಸಿಗುತ್ತದೆ ಅಂತ ಕೇಳಿದೆವು. ಅಲ್ಲಿದ್ದ ಅಮ್ಮ ಸೀದಾ ನಲ್ಲಿ ತಿರುಗಿಸಿ, ಎರಡು ಲೋಟ ತುಂಬಿಸಿ ಮುಂದಿಟ್ಟರು. "ಇದನ್ನೇ ಕುಡಿಯಿರಿ, ನಾವೂ ಇದನ್ನೇ ಕುಡಿಯುವುದು" ಅಂದರು.

ಆ ನೀರಿನ ಒಂದು ಪಾಲು ಈ ಊರಿನ ಬಚ್ಚಲು, ಶೌಚಾಲಯಗಳಿಂದ ಹೋಗಿ ಶುದ್ಧವಾಗಿ ವಾಪಸ್ ಬಂದದ್ದು. ವಿಂಡ್‌ಹುಕ್ 1968ರಿಂದ ಈ ಕೆಲಸ ಮಾಡುತ್ತಿದೆ. ಕೊಳಚೆ ನೀರನ್ನು ಶುದ್ಧ ಮಾಡಿ ನೇರವಾಗಿ ಕುಡಿಯುವ ನೀರಿನ ಪೈಪಿಗೇ ಬಿಟ್ಟ ಜಗತ್ತಿನ ಮೊದಲ ನಗರ ಇದು. ಈಗಿರುವ ಗೊರಿಯಾಂಗಾಬ್ ಘಟಕ 2002ರಲ್ಲಿ ಶುರುವಾಯಿತು. ದಿನಕ್ಕೆ ಸುಮಾರು 2 ಕೋಟಿ 10 ಲಕ್ಷ ಲೀಟರ್ ಅದರ ಸಾಮರ್ಥ್ಯ. ಕಾರ್ಖಾನೆಗಳ ಕೊಳಚೆಯನ್ನು ಇದಕ್ಕೆ ಸೇರಿಸುವುದೇ ಇಲ್ಲ, ಅದರ ದಾರಿಯೇ ಬೇರೆ. ಮನೆಗಳ ನೀರು ಮಾತ್ರ ಮೊದಲು ಒಂದು ಕಡೆ ಶುದ್ಧವಾಗಿ, ಆಮೇಲೆ ಇಲ್ಲಿಗೆ ಬರುತ್ತದೆ. ಓಝೋನ್, ಮರಳಿನ ಸೋಸುವಿಕೆ, ಇದ್ದಿಲಿನ ಪದರ, ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರದ ಜರಡಿ, ಕೊನೆಗೆ ಕ್ಲೋರಿನ್. ಒಂದು ಹಂತ ಕೈಕೊಟ್ಟರೆ ಇನ್ನೊಂದು ಹಿಡಿಯಬೇಕು, ಆ ಲೆಕ್ಕಾಚಾರ. ಕೊನೆಯಲ್ಲಿ ಅಣೆಕಟ್ಟಿನ ನೀರಿನ ಜೊತೆ ಬೆರೆತು ಮನೆಮನೆಗೆ ಹೋಗುತ್ತದೆ.

ನಾನು ಲೋಟ ಹಿಡಿದು ಒಂದು ನಿಮಿಷ ಸುಮ್ನೆ ನಿಂತಿದ್ದೆ. ಅಸಹ್ಯದಿಂದ ಅಂತ ಅಂದುಕೊಳ್ಳಬೇಡಿ. ನಮ್ಮೂರಿನ ಕೆರೆಗಳು ನೆನಪಾದವು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರು ಎರಡು ಹಂತದಲ್ಲಿ ಶುದ್ಧವಾಗಿ ಕೋಲಾರದ ಕೆರೆಗಳಿಗೆ ಬರುತ್ತಿದೆ. ಅಂತರ್ಜಲ ಏರಿತು ಅಂತ ಖುಷಿಪಟ್ಟವರು ಇದ್ದಾರೆ. ಮೂರನೇ ಹಂತದ ಶುದ್ಧೀಕರಣ ಮಾಡಿಯೇ ಬಿಡಿ ಅಂತ ಹೋರಾಡಿದವರೂ ಇದ್ದಾರೆ. ಆ ಹೋರಾಟ ಸರಿಯೇ ಇತ್ತು ಅಂತ ಈ ಅಡುಗೆಮನೆಯಲ್ಲಿ ನಿಂತು ನನಗೆ ಇನ್ನೂ ಗಟ್ಟಿಯಾಗಿ ಅನ್ನಿಸಿತು. ಅರ್ಧ ಶತಮಾನದ ಹಿಂದೆಯೇ ಒಂದು ಚಿಕ್ಕ ಊರು ಕೊನೆಯ ಹಂತದವರೆಗೂ ಹೋಗಿದೆ. ಹಾಗಾದರೆ ನಮಗೆ ಆಗದು ಅಂತ ಹೇಗೆ ಒಪ್ಪಿಕೊಳ್ಳುವುದು?

ನೀರು ಕುಡಿದೆ. ನೀರಿನ ರುಚಿಯೇ ಇತ್ತು.

ಮರುದಿನ ಕಾರು ಹಿಡಿದು ಹೊರಟೆವು. ಇಲ್ಲೂ ನಮ್ಮ ಹಾಗೆ ಎಡಗಡೆ ಡ್ರೈವಿಂಗ್, ಅದೊಂದು ನೆಮ್ಮದಿ. ಊರು ಬಿಟ್ಟ ಸ್ವಲ್ಪ ಹೊತ್ತಿಗೆ ಡಾಂಬರು ಮುಗಿಯುತ್ತದೆ, ಆಮೇಲೆ ಬರೀ ಜಲ್ಲಿ ರಸ್ತೆ. ಎದುರಿಗೆ ಒಂದು ಗಾಡಿ ಬಂದರೆ ಅದರ ಧೂಳು ಮೊದಲು ಕಾಣುತ್ತದೆ, ಗಾಡಿ ಆಮೇಲೆ. ಸ್ಪೀಡ್ ಜಾಸ್ತಿ ಮಾಡಿದರೆ ಚಕ್ರ ಜಾರುತ್ತದೆ, ಇವರು 80 ದಾಟಲೇ ಇಲ್ಲ. ಒಂದು ಟೈರ್ ಹೋಯಿತು, ಬದಲಾಯಿಸಿದೆವು. ಹಿಂದೆ ಬರುತ್ತಿದ್ದ ಪಿಕಪ್‌ನವರು ಕೇಳದೆಯೇ ಇಳಿದು ಬಂದು ಜ್ಯಾಕ್ ಹಿಡಿದರು. ಈ ರಸ್ತೆಗಳಲ್ಲಿ ಹಾಗೆಯೇ, ಯಾರಾದರೂ ನಿಂತಿದ್ದರೆ ನಿಲ್ಲಿಸಿ ಕೇಳಿಯೇ ಮುಂದೆ ಹೋಗುತ್ತಾರೆ.

ದಾರಿಯಲ್ಲಿ ಸಾಲಿಟೇರ್ ಅಂತ ಒಂದು ಜಾಗ. ಪೆಟ್ರೋಲ್ ಬಂಕ್, ಬೇಕರಿ, ಮರಳಲ್ಲಿ ಹೂತ ತುಕ್ಕು ಹಿಡಿದ ಹಳೇ ಕಾರುಗಳು. ಆಪಲ್ ಪೈ ಫೇಮಸ್ಸು, ಎಲ್ಲರೂ ಅದನ್ನು ತಿಂದು ಫೋಟೋ ತೆಗೆಯುತ್ತಾರೆ. ನಾವೂ ತೆಗೆದೆವು.

ಸೆಸ್ರಿಯಂ ಅನ್ನುವುದು ನಮೀಬ್ ಮರುಭೂಮಿಯ ಬಾಗಿಲು. ಅಲ್ಲಿ ನೆಲ ಸೀಳಿಕೊಂಡು ಸುಮಾರು 30 ಮೀಟರ್ ಆಳದ ಕಣಿವೆಯೊಂದಿದೆ. ತಳದ ಗುಂಡಿಗಳಲ್ಲಿ ಮಳೆಗಾಲ ಕಳೆದ ಮೇಲೂ ನೀರು ನಿಂತಿರುತ್ತದೆ. ಹಿಂದೆ ಎತ್ತಿನ ಗಾಡಿಯಲ್ಲಿ ಬರುತ್ತಿದ್ದವರು ಚರ್ಮದ ಪಟ್ಟಿಗಳನ್ನು ಒಂದಕ್ಕೊಂದು ಗಂಟು ಹಾಕಿ, ಬಕೆಟ್ ಇಳಿಬಿಟ್ಟು ನೀರು ಸೇದುತ್ತಿದ್ದರಂತೆ. ನಾವು ಪಾರ್ಕಿನ ಗೇಟಿನ ಒಳಗಡೆಯೇ ಟೆಂಟ್ ಹಾಕಿದ್ದೆವು. ಒಳಗೆ ಉಳಿದವರಿಗೆ ಬೆಳಕು ಹರಿಯುವ ಮುಂಚೆಯೇ ದಿಬ್ಬಗಳ ಕಡೆ ಹೋಗಲು ಬಿಡುತ್ತಾರೆ. ನೀವು ಹೋದರೆ ದಯವಿಟ್ಟು ಹಾಗೇ ಮಾಡಿ.

ಅಲ್ಲಿಂದ 60 ಕಿಲೋಮೀಟರ್ ಡಾಂಬರು, ಆಮೇಲೆ ಕೊನೆಯ 5 ಕಿಲೋಮೀಟರ್ ಪೂರ್ತಿ ಮರಳು. ಟೈರಿನ ಗಾಳಿ ಇಳಿಸಿ ನಿಧಾನಕ್ಕೆ ಹೋಗಬೇಕು. ಕಾರು ನಿಲ್ಲಿಸಿ ಒಂದು ಕಿಲೋಮೀಟರ್‌ನಷ್ಟು ನಡೆದರೆ, ಇಗೋ, ನೋಡಿ. ಡೆಡ್‌ಫ್ಲೇ.

ಈ ಶಾಟ್‌ಗೆ ನಾನು ಸಂಗೀತ ಹಾಕಿಲ್ಲ. ಅಲ್ಲಿ ಕೇಳಿಸಿದ್ದಷ್ಟೇ ಇರಲಿ ಅಂತ.

ಸುತ್ತ ಕೆಂಪು ದಿಬ್ಬಗಳು. ಹಿಂದೆ ಕಾಣುತ್ತಿರುವ ದೊಡ್ಡದು ಸುಮಾರು 325 ಮೀಟರ್ ಎತ್ತರ. ನಡುವೆ ಬಿಳಿ ಜೇಡಿಮಣ್ಣಿನ ನೆಲ. ಆ ನೆಲದಲ್ಲಿ ನಿಂತಿರುವ ಕಪ್ಪು ಮರಗಳು ಸತ್ತು ಆರುನೂರು ವರ್ಷಕ್ಕೂ ಜಾಸ್ತಿಯಾಗಿದೆ. ಒಂದು ಕಾಲದಲ್ಲಿ ಸೌಚಾಬ್ ನದಿ ಇಲ್ಲಿಯವರೆಗೂ ಹರಿದು ಬರುತ್ತಿತ್ತು. ಆ ನೀರಿಗೆ ಈ ಮರಗಳು ಹುಟ್ಟಿದವು. ಆಮೇಲೆ ಬರ ಬಂತು, ಮರಳು ದಿಬ್ಬ ಸರಿದು ನದಿಯ ದಾರಿ ಮುಚ್ಚಿತು. ಮರ ಒಣಗಿದವು. ಆದರೆ ಕೊಳೆಯಬೇಕಾದರೂ ತೇವ ಬೇಕಲ್ವಾ? ಅದೂ ಇಲ್ಲ. ಹಾಗೆಯೇ ನಿಂತಿವೆ.

ಹತ್ತಿರ ಹೋಗಿ ಒಂದು ಬೊಡ್ಡೆ ನೋಡಿದೆ. ತೊಗಟೆ ಪೂರ್ತಿ ಉದುರಿದೆ. ಗಾಳಿಗೆ ಹಾರುವ ಮರಳು ಉಜ್ಜಿ ಉಜ್ಜಿ, ಮರದ ಏರುಪೇರಿನ ಗೆರೆಗಳೆಲ್ಲ ನುಣುಪಾಗಿವೆ. ಗೆರೆಗಳ ಸಂದಿಯಲ್ಲಿ ಕೆಂಪು ಮರಳಿನ ಕಾಳುಗಳು ಕೂತಿವೆ. ನೆಲದ ಜೇಡಿ ಬಿರಿದು ತಟ್ಟೆ ತಟ್ಟೆಯಾಗಿದೆ, ಕಾಲಿಟ್ಟರೆ ಕಲ್ಲಿನಷ್ಟು ಗಟ್ಟಿ. ಇವರು ಡ್ರೋನ್ ಇಲ್ಲವಲ್ಲ ಅಂತ ಬೇಜಾರು ಮಾಡಿಕೊಳ್ಳುತ್ತಿದ್ದರು. ನನಗೆ ಮೇಲಿನಿಂದ ನೋಡುವ ಆಸೆಯೇ ಬರಲಿಲ್ಲ. ಕೆಳಗೆ, ಆ ಮರದ ಬುಡದಲ್ಲಿ ಕೂತಿರಬೇಕು ಅನ್ನಿಸಿತು. ಬಿಸಿಲು ಏರುವವರೆಗೂ ಕೂತಿದ್ದೆವು. ಒಂದು ಮಾತು, ಇಲ್ಲಿ ಮರ ಹತ್ತಿ ಫೋಟೋ ತೆಗೆಯುವವರನ್ನು ಕಂಡೆ. ಬಹಳ ನೋವಾಯಿತು. ಮುರಿದರೆ ಮತ್ತೊಂದು ಹುಟ್ಟುವುದಿಲ್ಲ.

ಅಲ್ಲಿಂದ ಸಮುದ್ರದ ಕಡೆ ಹೋಗುವಾಗ ಕುಯ್ಸೆಬ್ ನದಿಯ ಕಣಿವೆ ದಾಟಬೇಕು. ಇದು ನನಗೆ ತುಂಬಾ ಇಷ್ಟವಾದ ನದಿ. ಬಹುಪಾಲು ದಿನ ಒಣಗಿರುತ್ತದೆ. ಆದರೂ ದಕ್ಷಿಣದ ಮರಳ ದಿಬ್ಬಗಳು ಉತ್ತರಕ್ಕೆ ಹರಡದಂತೆ ತಡೆದಿರುವುದು ಇದೇ. ದಿಬ್ಬ ನಿಧಾನಕ್ಕೆ ನದಿಯ ಪಾತ್ರಕ್ಕೆ ಸರಿದು ಬರುತ್ತದೆ, ಯಾವಾಗಲೋ ಒಂದು ಪ್ರವಾಹ ಬಂದು ಆ ಮರಳನ್ನು ಕೊಚ್ಚಿಕೊಂಡು ಹೋಗುತ್ತದೆ. ಇದರ ದಡದಲ್ಲಿ ಟೋಪ್ನಾರ್ ಜನ ಇದ್ದಾರೆ. ಮರಳಿನಲ್ಲಿ ಬೆಳೆಯುವ ಮುಳ್ಳಿನ ನಾರಾ ಹಣ್ಣು ಅವರ ತಲೆತಲಾಂತರದ ಆಹಾರ. ಆ ಗಿಡ ಎಲೆಯನ್ನೇ ಬಿಟ್ಟುಕೊಟ್ಟಿದೆ, ಬೇರನ್ನು ಮಾತ್ರ ನೆಲದಡಿಯ ನೀರಿನವರೆಗೂ ಇಳಿಸುತ್ತದೆ.

ಕರಾವಳಿಯ ಸ್ವಾಕೊಪ್‌ಮುಂಡ್ ತಲುಪಿದಾಗ ಸ್ವೆಟರ್ ಹಾಕಿಕೊಳ್ಳಬೇಕಾಯಿತು. ಹೌದು, ಮರುಭೂಮಿಯಲ್ಲೇ! ದಕ್ಷಿಣದಿಂದ ಬರುವ ಬೆಂಗ್ವೆಲಾ ಅನ್ನುವ ತಣ್ಣನೆಯ ಸಾಗರ ಪ್ರವಾಹ ಈ ಸಮುದ್ರವನ್ನು ತಂಪಾಗಿಡುತ್ತದೆ. ಅದರಿಂದಲೇ ಮಳೆಮೋಡ ಕಟ್ಟುವುದಿಲ್ಲ, ಅದರಿಂದಲೇ ಮಂಜು ಏಳುತ್ತದೆ. ಮಳೆ ಕಿತ್ತುಕೊಂಡ ಸಮುದ್ರವೇ ಮಂಜು ಕೊಡುತ್ತದೆ. ಆ ಮಂಜು ಹತ್ತಾರು ಕಿಲೋಮೀಟರ್ ಒಳನಾಡಿಗೆ ಹೋಗುತ್ತದೆ, ಇಲ್ಲಿನ ಜೀವಿಗಳು ಅದನ್ನೇ ಕುಡಿದು ಬದುಕುತ್ತವೆ. ಒಂದು ಜಾತಿಯ ಜೀರುಂಡೆ ಬೆಳಗಿನ ಜಾವ ದಿಬ್ಬದ ನೆತ್ತಿಗೆ ಹತ್ತಿ, ತಲೆ ಕೆಳಗೆ ಮಾಡಿ, ಬೆನ್ನು ಗಾಳಿಗೆ ಒಡ್ಡಿ ನಿಲ್ಲುತ್ತದೆ. ಬೆನ್ನ ಮೇಲೆ ಕೂತ ಮಂಜು ಹನಿಯಾಗಿ ಜಾರಿ ಬಾಯಿಗೆ ಬರುತ್ತದೆ.

ಇದು ನೋಡಿ, ಗೈಡ್ ಒಬ್ಬರು ಮರಳು ಬಗೆದು ತೋರಿಸಿದ ಹಲ್ಲಿ. ಬೆರಳುದ್ದ ಇದೆ. ಚರ್ಮ ಎಷ್ಟು ತೆಳು ಅಂದರೆ ಒಳಗಿನದೆಲ್ಲ ನಸುಗೆಂಪಾಗಿ ಕಾಣುತ್ತದೆ. ಕಣ್ಣಿಗೆ ರೆಪ್ಪೆ ಇಲ್ಲ. ಮಂಜು ಕಣ್ಣಿನ ಮೇಲೆಯೇ ಕೂರುತ್ತದೆ. ಈಗ ನೋಡಿ, ನಾಲಿಗೆ ಹೊರಗೆ ಬಂತು... ಕಣ್ಣನ್ನೇ ನೆಕ್ಕಿಕೊಂಡಿತು. ಕಣ್ಣು ಸ್ವಚ್ಛವಾಯಿತು, ಒಂದು ಹನಿ ನೀರೂ ಸಿಕ್ಕಿತು. ಗೈಡ್ ಅದನ್ನು ತೆಗೆದ ಜಾಗದಲ್ಲೇ ಬಿಟ್ಟು, ಮೇಲೆ ಮರಳು ಸರಿಮಾಡಿ ಎದ್ದರು.

ಈಗ ಹೇಳುವುದು ಸ್ವಲ್ಪ ಭಾರದ ವಿಷಯ. ಆದರೆ ಬಿಟ್ಟರೆ ಈ ದೇಶ ತೋರಿಸಿದ ಹಾಗಾಗುವುದಿಲ್ಲ.

ಸ್ವಾಕೊಪ್‌ಮುಂಡ್ ಚೆಂದದ ಊರು. ಜರ್ಮನ್ ಕಾಲದ ಬಣ್ಣಬಣ್ಣದ ಕಟ್ಟಡಗಳು, ಕೇಕ್ ಅಂಗಡಿಗಳು. ಊರಿನ ಅಂಚಿಗೆ ಹೋದರೆ ಒಂದು ಸ್ಮಶಾನ. ಒಂದು ಕಡೆ ಹೆಸರು, ಹೂವು, ನೆರಳು ಇರುವ ಸಮಾಧಿಗಳು. ಇನ್ನೊಂದು ಕಡೆ ಮರುಭೂಮಿಗೆ ತೆರೆದ ಬಯಲಿನಲ್ಲಿ ಸಾಲುಸಾಲು ಮರಳ ಗುಡ್ಡೆಗಳು. ಅವಕ್ಕೆ ಹೆಸರಿಲ್ಲ. ಈ ದೇಶ ಜರ್ಮನಿಯ ವಸಾಹತಾಗಿದ್ದಾಗ, ಇಲ್ಲಿನ ಹೆರೆರೊ ಮತ್ತು ನಾಮಾ ಜನಾಂಗದವರನ್ನು ಜರ್ಮನ್ನರು ಈ ಊರಿನ ಶಿಬಿರದಲ್ಲಿ ಕೂಡಿಹಾಕಿದ್ದರು. ಅಲ್ಲಿ ಸತ್ತವರ ಗುಡ್ಡೆಗಳು ಇವು.

1904ರಲ್ಲಿ ಹೆರೆರೊ ಜನ ತಮ್ಮ ನೆಲಕ್ಕಾಗಿ ದಂಗೆಯೆದ್ದರು. ಆಗಸ್ಟ್‌ನಲ್ಲಿ ವಾಟರ್‌ಬರ್ಗ್ ಯುದ್ಧ ಸೋತ ಮೇಲೆ ಹೆಂಗಸರು, ಮಕ್ಕಳು, ದನಕರುಗಳ ಸಮೇತ ಒಮಹೆಕೆ ಅನ್ನುವ ಒಣಭೂಮಿಗೆ ಓಡಿದರು. ಜರ್ಮನ್ ಸೈನ್ಯ ನೀರಿನ ಸೆಲೆಗಳಿಗೆ ಕಾವಲು ಹಾಕಿತು. ಅಕ್ಟೋಬರ್ 2ರಂದು ಜನರಲ್ ಫಾನ್ ಟ್ರೋಥಾ, ಜರ್ಮನ್ ಗಡಿಯೊಳಗೆ ಕಂಡ ಹೆರೆರೊಗಳಿಗೆ ಗುಂಡಿಕ್ಕಿ ಅಂತ ಆದೇಶ ಹೊರಡಿಸಿದ. ನಾಮಾ ಜನರೂ ದಂಗೆಯೆದ್ದು ಅದೇ ಗತಿ ಕಂಡರು. 1908ರ ಹೊತ್ತಿಗೆ ಹತ್ತರಲ್ಲಿ ಎಂಟು ಹೆರೆರೊಗಳು, ನಾಮಾ ಜನರಲ್ಲಿ ಅರ್ಧದಷ್ಟು ಸತ್ತಿದ್ದರು ಅಂತ ಅಂದಾಜು. ಜರ್ಮನಿ ಇದು ನರಮೇಧ ಅಂತ ಒಪ್ಪಿಕೊಂಡದ್ದು 2021ರಲ್ಲಿ. 30 ವರ್ಷಗಳಲ್ಲಿ 110 ಕೋಟಿ ಯೂರೋ ಕೊಡುವ ಮಾತಾಡಿತು. ನಮ್ಮನ್ನು ಮಾತುಕತೆಗೆ ಕೂರಿಸದೆ ಮಾಡಿದ ಒಪ್ಪಂದ ನಮಗೆ ಬೇಡ ಅಂತ ಹೆರೆರೊ, ನಾಮಾ ಮುಖಂಡರು ಹೇಳಿದ್ದಾರೆ. ನನಗಂತೂ ಅವರ ಮಾತೇ ನ್ಯಾಯ ಅನ್ನಿಸುತ್ತದೆ.

ಬಾಯಾರಿದವರ ಮುಂದೆ ಬಾವಿಗೆ ಕಾವಲು. ಆ ಬಯಲಿನಲ್ಲಿ ಕ್ಯಾಮೆರಾ ಆಫ್ ಮಾಡಿದ್ದೆವು. ಅದಕ್ಕೆ ಇಲ್ಲಿ ದೃಶ್ಯ ಇಲ್ಲ.

ವಾಪಸ್ ವಿಂಡ್‌ಹುಕ್. ಈ ಸಲ ಊರನ್ನು ಸರಿಯಾಗಿ ಸುತ್ತಿದೆವು. ಇಂಡಿಪೆಂಡೆನ್ಸ್ ಅವೆನ್ಯೂ, 1910ರ ಕ್ರಿಸ್ಟುಸ್‌ಕಿರ್ಖೆ ಚರ್ಚ್, ಪಕ್ಕದಲ್ಲೇ 2014ರಲ್ಲಿ ತೆರೆದ ಸ್ವಾತಂತ್ರ್ಯ ಮ್ಯೂಸಿಯಂ. ಜರ್ಮನ್ ಸೈನಿಕನ ಕುದುರೆ ಸವಾರಿಯ ಪ್ರತಿಮೆಯೊಂದು ಇಲ್ಲಿ ನೂರು ವರ್ಷ ನಿಂತಿತ್ತು, 2013ರ ಕೊನೆಯಲ್ಲಿ ತೆಗೆದರು. ಈಗ ಅಲ್ಲೇ ಹತ್ತಿರದಲ್ಲಿ ಸಂಕೋಲೆ ಮುರಿದು ಕೈಯೆತ್ತಿದ ಗಂಡು ಹೆಣ್ಣಿನ ಪ್ರತಿಮೆ ಇದೆ. ಜರ್ಮನ್ನರ ನಂತರ ಆಳಿದ ದಕ್ಷಿಣ ಆಫ್ರಿಕಾದಿಂದ 1990ರ ಮಾರ್ಚ್ 21ಕ್ಕೆ ಈ ದೇಶ ಸ್ವತಂತ್ರವಾಯಿತು. ಅದಕ್ಕೂ ಮುಂಚಿನ ಚುನಾವಣೆ ಕಾಯಲು ವಿಶ್ವಸಂಸ್ಥೆ ಕಳಿಸಿದ ಪಡೆಯ ದಂಡನಾಯಕ ಭಾರತದವರು, ಲೆಫ್ಟಿನೆಂಟ್ ಜನರಲ್ ದಿವಾನ್ ಪ್ರೇಮ್ ಚಂದ್. 2022ರಲ್ಲಿ ನಮ್ಮ ಮಧ್ಯಪ್ರದೇಶದ ಕುನೋಗೆ ಬಂದ ಎಂಟು ಚೀತಾಗಳು ಹೊರಟದ್ದೂ ಇದೇ ಊರಿನಿಂದ.

ಮಧ್ಯಾಹ್ನ ಕಟುಟುರಾಕ್ಕೆ ಹೋದೆವು. ವರ್ಣಭೇದದ ಕಾಲದಲ್ಲಿ ಕರಿಯರನ್ನು ಹಳೇ ಬಡಾವಣೆಯಿಂದ ಎಬ್ಬಿಸಿ ಇಲ್ಲಿಗೆ ದೂಡಿದರು. ಹೋಗುವುದಿಲ್ಲ ಅಂತ ನಿಂತವರ ಮೇಲೆ 1959ರ ಡಿಸೆಂಬರ್ 10ರಂದು ಪೊಲೀಸರು ಗುಂಡು ಹಾರಿಸಿದರು. 11 ಜನ ಸತ್ತರು. ಆ ದಿನ ಇಲ್ಲಿ ಈಗ ಸರ್ಕಾರಿ ರಜೆ.

ಇವತ್ತಿನ ಕಟುಟುರಾದಲ್ಲಿ ಹೊಗೆ, ಗಲಾಟೆ, ನಗು. ಮಾರ್ಕೆಟ್ಟಿನಲ್ಲಿ ಕಪಾನಾ ಸುಡುತ್ತಿರುತ್ತಾರೆ. ದನದ ಮಾಂಸವನ್ನು ಕಣ್ಣೆದುರೇ ಕತ್ತರಿಸಿ, ಕೆಂಡದ ಮೇಲೆ ಬೇಯಿಸಿ, ಖಾರದ ಪುಡಿಗೆ ಅದ್ದಿ ನಿಂತಲ್ಲೇ ತಿನ್ನುವುದು. ಇವರು ತಿಂದರು. ನನ್ನ ಊಟ ಒಶಿಫಿಮಾ, ಸಜ್ಜೆ ಹಿಟ್ಟಿನದು. ನಮ್ಮ ಮುದ್ದೆಯ ಹಾಗೆಯೇ ಕೈಯಲ್ಲಿ ಮುರಿದು, ಕಾಡುಸೊಪ್ಪಿನ ಪಲ್ಯಕ್ಕೆ ಅದ್ದಿ ನುಂಗುವುದು. ನಾನು ಅಗಿಯದೆ ನುಂಗಿದ್ದನ್ನು ನೋಡಿ ಬಡಿಸಿದ ಹೆಂಗಸು ಚಪ್ಪಾಳೆ ತಟ್ಟಿ, ಇನ್ನೊಂದು ತುಂಡು ಹಾಕಿದಳು.

ಕಟುಟುರಾದ ಆಚೆ ಗುಡ್ಡಗಳ ಮೇಲೆ ತಗಡಿನ ಮನೆಗಳು. ಉತ್ತರದ ಹಳ್ಳಿಗಳಿಂದ ಕೆಲಸ ಹುಡುಕಿ ಬಂದವರು. ಅಲ್ಲಿ ಮನೆಗೆ ನಲ್ಲಿ ಇಲ್ಲ. ಬೀದಿಯ ನಲ್ಲಿಗೆ ಮುಂಗಡ ದುಡ್ಡು ತುಂಬಿಸಿದ ಟೋಕನ್ ತೋರಿಸಿದರೆ ನೀರು, ಟೋಕನ್ ಖಾಲಿಯಾದರೆ ನೀರು ನಿಲ್ಲುತ್ತದೆ. ಹಳದಿ ಕ್ಯಾನ್ ಹಿಡಿದ ಹುಡುಗಿಯರು ಸಾಲು ನಿಂತಿದ್ದರು. ಜಗತ್ತಿಗೇ ದಾರಿ ತೋರಿಸಿದ ಗೊರಿಯಾಂಗಾಬ್ ಘಟಕ ಇರುವುದೂ ಊರಿನ ಇದೇ ಮಗ್ಗುಲಲ್ಲಿ. ಇಷ್ಟು ಕಷ್ಟಪಟ್ಟು ಶುದ್ಧ ಮಾಡಿದ ನೀರಿಗೆ ಇಷ್ಟು ಹತ್ತಿರದ ಈ ಗುಡ್ಡ ಹತ್ತುವುದು ಮಾತ್ರ ಬಾಕಿ ಇದೆ. ಅದು ಆಗಲೇಬೇಕು. ವಿಂಡ್‌ಹುಕ್ ಮೇಲೆ ನನಗೆ ಹುಟ್ಟಿರುವ ಗೌರವದಿಂದಲೇ ಈ ಮಾತು ಹೇಳುತ್ತಿದ್ದೇನೆ.

ಮುಂದಿನ ವಿಡಿಯೋ ಉತ್ತರದ ಎಟೋಷಾದಿಂದ. ಅಲ್ಲಿ ಪ್ರಾಣಿಗಳನ್ನು ಹುಡುಕಿಕೊಂಡು ಅಲೆಯಬೇಕಿಲ್ಲವಂತೆ. ಒಣ ಕಾಲದಲ್ಲಿ ನೀರಿನ ಹೊಂಡದ ಹತ್ತಿರ ಗಾಡಿ ನಿಲ್ಲಿಸಿ ಕಾದರೆ ಆನೆ, ಸಿಂಹ, ಜಿರಾಫೆ ಎಲ್ಲ ಅಲ್ಲಿಗೇ ಬರುತ್ತವೆ. ಇವರು ಆಗಲೇ ನೀರಿನ ಕ್ಯಾನ್‌ಗಳನ್ನು ಡಿಕ್ಕಿಗೆ ತುಂಬಿಸಿದ್ದಾರೆ, ಸ್ಪೇರ್ ಟೈರ್ ಎರಡು ಹಾಕಿಸಿಕೊಂಡಿದ್ದೇವೆ. ಬೆಳಿಗ್ಗೆ ಐದಕ್ಕೆ ಹೊರಡುತ್ತೇವೆ.