0.042 ಅಂದರೆ ಎಷ್ಟು ಮಳೆ?

ಶಿರಸಿಯಲ್ಲಿ ಇವತ್ತು ಸ್ವಲ್ಪ ಹೊಳವಾಗಿದೆ. ಇದು ನಮ್ಮ ಅಡಿಕೆ ತೋಟ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಮದ್ದು ಕಲಸುವುದು ನಿಮಗೇ ಕಾಣ್ತಾ ಇದೆ, ನಾನು ಮೊನ್ನೆಯ ವಿಷಯ ಹೇಳ್ತೇನೆ.

ಬೆಂಗಳೂರಿನಲ್ಲಿರುವ ತಮ್ಮ ಮಳೆ ಮುನ್ಸೂಚನೆಯ ಡೇಟಾ ಇಳಿಸಿ ಎಕ್ಸೆಲ್‌ನಲ್ಲಿ ಕಳಿಸಿದ್ದ. ಮಂಗಳವಾರದ ಎದುರು 0.042 ಅಂತಿತ್ತು. ಒಂದು ಮಿಲಿಮೀಟರೂ ಇಲ್ಲ, ಎಲೆಯೂ ನೆನೆಯುವುದಿಲ್ಲ ಅಂದುಕೊಂಡು, ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡನನ್ನು ಕರೆದೆ. 200 ಲೀಟರಿನ ಮೂರು ಬ್ಯಾರೆಲ್ ಮದ್ದು. ಒಂದೊಂದಕ್ಕೆ ಎರಡು ಕೆಜಿ ಮೈಲುತುತ್ತ, ಎರಡು ಕೆಜಿ ಸುಣ್ಣ. ಹೊಡೆದು ಮುಗಿಸಿ ಊಟಕ್ಕೆ ಕೂತಿದ್ದೆವು, ಜೋರಾಗಿ ಹೊಯ್ಯಿತು. ಮದ್ದು ಒಣಗಿರಲೇ ಇಲ್ಲ. ಸಂಜೆ ಹೋಗಿ ನೋಡಿದರೆ ಅಡಿಕೆ ಗೊನೆಯ ಮೇಲಿದ್ದ ನೀಲಿ ಮದ್ದು ಮರದುದ್ದಕ್ಕೂ ಇಳಿದು ಬುಡದಲ್ಲಿ ನಿಂತಿತ್ತು. ಕೂಲಿ ಹೋಯಿತು, ಮದ್ದೂ ಹೋಯಿತು. ಕೊಳೆ ಹತ್ತಿದರೆ ಏನು ಗತಿ ಅಂತ ರಾತ್ರಿ ನಿದ್ದೆ ಬರಲಿಲ್ಲ.

ಅಪ್ಪಯ್ಯ ಏನೂ ಬೈಯಲಿಲ್ಲ. ಅಂಗಳದಲ್ಲಿಟ್ಟಿದ್ದ ಸ್ಟೀಲ್ ಡಬ್ಬಿಗೆ ಸ್ಕೇಲ್ ಇಳಿಸಿದರು. ನಾಲ್ಕು ಸೆಂಟಿಮೀಟರಿಗೆ ಒಂದು ಗೆರೆ ಕಡಿಮೆ, 39 ಮಿಲಿಮೀಟರ್. ಮುನ್ಸೂಚನೆ ಸರಿಯಾಗೇ ಇತ್ತು! ಆ 0.042 ಮೀಟರಿನ ಲೆಕ್ಕ, ಅಂದರೆ 42 ಮಿಲಿಮೀಟರ್. ಮಳೆಯನ್ನು ಯಾರಾದರೂ ಮೀಟರಿನಲ್ಲಿ ಅಳೀತಾರಾ ಅಂತ ಸಿಟ್ಟು ಬಂದಿತ್ತು. ಈಗ ಸಿಟ್ಟಿಲ್ಲ. ಮಳೆ ಮುನ್ಸೂಚನೆ ಲೆಕ್ಕ ಹಾಕುವ ಯುರೋಪಿನ ಕಂಪ್ಯೂಟರ್ ಮಾದರಿಯ ಮೂಲ ಡೇಟಾದಲ್ಲಿ ಹಾಗೇ ಇರುತ್ತದೆ. ಯುನಿಟ್ ಯಾವುದು ಅಂತ ಮೊದಲು ನೋಡಬೇಕಿತ್ತು.

ಕೆಲವು ಡೇಟಾದಲ್ಲಿ ಚದರ ಮೀಟರಿಗೆ ಇಷ್ಟು ಕೆಜಿ ಅಂತ ಇರುತ್ತದೆ. ಅದೂ ಮಿಲಿಮೀಟರೇ. ಒಂದು ಚದರ ಮೀಟರ್ ನೆಲದಲ್ಲಿ ಒಂದು ಮಿಲಿಮೀಟರ್ ನೀರು ನಿಂತರೆ ಒಂದು ಲೀಟರ್, ತೂಕ ಒಂದು ಕೆಜಿ. ಒಂದು ಗುಂಟೆಗೆ 42 ಮಿಲಿಮೀಟರ್ ಬಿದ್ದರೆ ನಾಲ್ಕು ಸಾವಿರ ಲೀಟರಿಗೂ ಜಾಸ್ತಿ! ಆ ಕೆಜಿ ಲೆಕ್ಕಕ್ಕೆ ಸೆಕೆಂಡಿಗೆ ಅಂತಲೂ ಸೇರಿಸಿದ್ದರೆ 3600ರಿಂದ ಗುಣಿಸಿ, ಗಂಟೆಯ ಲೆಕ್ಕ ಸಿಗುತ್ತದೆ.

ಆ್ಯಪಿನಲ್ಲಿ ಶೇಕಡಾ 80 ಅಂತ ಬಂದರೆ ಜೋರು ಮಳೆ ಅಂತಲ್ಲ, ಮಳೆ ಬರುವ ಸಾಧ್ಯತೆ ಅಷ್ಟು. ಮಿಲಿಮೀಟರ್ ಅಂತಿದ್ದರೂ ಗಂಟೆಗಾ, ಮೂರು ಗಂಟೆಗಾ, ದಿನಕ್ಕಾ ನೋಡಿ. ನಮ್ಮ ಹವಾಮಾನ ಇಲಾಖೆ 24 ಗಂಟೆಯಲ್ಲಿ 64.5 ಮಿಲಿಮೀಟರ್ ಆದರೆ ಭಾರೀ ಮಳೆ ಅನ್ನುತ್ತದೆ. ದಿನದ ಲೆಕ್ಕ ಬೆಳಿಗ್ಗೆ ಎಂಟೂವರೆಯಿಂದ ಎಂಟೂವರೆಗೆ. ಕಾರವಾರದಲ್ಲಿರುವ ಅಕ್ಕನಿಗೆ ಇದನ್ನು ಹೇಳಿದರೆ, ನಮ್ಮಲ್ಲಿ ಅದು ಒಂದು ಮಧ್ಯಾಹ್ನದ ಮಳೆ ಅಂತಾಳೆ. ಅವಳ ಮನೆ ಸಮುದ್ರದ ಹತ್ತಿರ, ಬಟ್ಟೆ ಒಣಗೋದೇ ಇಲ್ಲ ಪಾಪ...

ಅಯ್ಯೋ, ಬ್ಯಾರೆಲ್ ತುಂಬಿತು. ಇವತ್ತಿನ ಸಾಲಿನಲ್ಲಿ 0.0006 ಇದೆ, ಅಂದರೆ ಬರೀ 0.6 ಮಿಲಿಮೀಟರ್. ಕೊನೆಗೌಡ ಮರ ಹತ್ತಿಯಾಯಿತು. ನಾನು ಪೈಪ್ ಹಿಡೀಬೇಕು, ಕ್ಯಾಮೆರಾ ಇಡ್ತೇನೆ.