ಭೂಮಿಗೆ, ಆಮೇಲೆ ಮೂರು ಚುಕ್ಕೆ

ಎಲ್ಲರಿಗೂ ನಮಸ್ಕಾರ. ಹಿಂದಿನ ಸಾಲಿಗೆ ಕೇಳಿಸ್ತಿದೆ ಅಲ್ವಾ? ಸರಿ.

ಕಳೆದ ಸಲ ಇದೇ ಸಭೆಯಲ್ಲಿ ಮಂಗಾ, ಅಂದರೆ ಜಪಾನಿನ ಚಿತ್ರಕಥೆಗಳ ಮಾತು ಬಂದಾಗ ಹಿರಿಯರೊಬ್ಬರು, "ಮಂಗಾ ಅಂದ್ರೆ ಹೊಡೆದಾಟ, ಕಣ್ಣಲ್ಲಿ ಬೆಂಕಿ, ಅಷ್ಟೇ ತಾನೇ?" ಎಂದರು. ನಾನು ಸುಮ್ಮನಿದ್ದೆ. ಮನೆಗೆ ಹೋಗಿ ಚಪ್ಪಲಿ ಬಿಡುವಾಗ ಉತ್ತರ ಹೊಳೆಯಿತು. ನನ್ನ ಹಣೆಬರಹವೇ ಅಷ್ಟು, ಬಸ್ಸು ಹೋದ ಮೇಲೆ ಚಿಲ್ಲರೆ ಸಿಗುತ್ತದೆ. ಆ ಉತ್ತರವೇ ಇವತ್ತಿನ ಉಪನ್ಯಾಸ. ನೋಡಿದರೆ ಅವರೇ ಬಂದಿಲ್ಲ.

ಮನಸ್ಸಿನಲ್ಲೇ ಮಾತಾಡುವ, ಮುಟ್ಟದೆ ವಸ್ತು ಎತ್ತುವ ಮಕ್ಕಳು. ಅವರ ಹಿಂದೆ ಸರ್ಕಾರ, ಸೇನೆ, ಬಿಳಿ ಕೋಟಿನವರು. ಮಕ್ಕಳು ಓಡುತ್ತಾರೆ. ಇಂಥ ಕಥೆ ಎಂದ ಕೂಡಲೇ ಇಲ್ಲಿರುವ ಹುಡುಗರ ಬಾಯಲ್ಲಿ ಬರುವ ಹೆಸರು 'ಅಕಿರಾ'. ಒಟೊಮೊ ಕತ್ಸುಹಿರೊ 1982ರಲ್ಲಿ ಶುರು ಮಾಡಿ 1990ರವರೆಗೆ ಬರೆದದ್ದು, ಎರಡು ಸಾವಿರಕ್ಕೂ ಹೆಚ್ಚು ಪುಟ. ಮೊದಲಲ್ಲೇ ಕತ್ತಲ ರಸ್ತೆಯಲ್ಲಿ ಬೈಕಿಗೆ ಅಡ್ಡ ಒಂದು ಮಗು ನಿಂತಿರುತ್ತದೆ. ಮೈ ಮಗುವಿನದು, ಮುಖ ಮುದುಕನದು. ಅಂಗೈ ಮೇಲೆ 26 ಎಂಬ ಅಂಕಿ. ಹೆಸರು ತಕಾಶಿ, ಆದರೆ ಹಿಡಿಯಲು ಬಂದವರ ಲೆಕ್ಕದಲ್ಲಿ ಅವನು ಬರೀ ಇಪ್ಪತ್ತಾರು.

ಅದನ್ನು ನೀವು ಓದಿದ್ದೀರಿ, ಬಿಡುತ್ತೇನೆ. ನಾನು ಹೇಳಬೇಕಿರುವುದು ಅದಕ್ಕಿಂತ ಐದಾರು ವರ್ಷ ಹಿಂದಿನ ಮಂಗಾ. ತಕೆಮಿಯ ಕೈಕೊ ಅವರ 'ತೆರಾ ಎ'. 1977ರಿಂದ 1980ರವರೆಗೆ ಹುಡುಗರ ಮಾಸಪತ್ರಿಕೆಯೊಂದರಲ್ಲಿ ಬಂತು. ಹುಡುಗರ ಪತ್ರಿಕೆಯಲ್ಲಿ ಹೆಂಗಸು ಬರೆಯುವುದು ಆಗ ಅಪರೂಪ. ವೈಜ್ಞಾನಿಕ ಕಥೆಗಳಿಗೆ ಕೊಡುವ ಜಪಾನಿನ ಸೇಯುನ್ ಪ್ರಶಸ್ತಿಯಲ್ಲಿ ಮಂಗಾಕ್ಕೆ ಒಂದು ವಿಭಾಗ ಶುರುವಾದದ್ದು 1978ರಲ್ಲಿ. ಮೊದಲ ಸಲವೇ ಬಂದದ್ದು ಇದಕ್ಕೆ.

ಕಥೆ ಹೀಗಿದೆ. ಮನುಷ್ಯರು ಭೂಮಿಯನ್ನು ಹಾಳು ಮಾಡಿ ಬೇರೆ ಗ್ರಹಗಳಿಗೆ ಹೋಗಿದ್ದಾರೆ. ಕಂಪ್ಯೂಟರ್‌ನ ಆಳ್ವಿಕೆ. ಮಕ್ಕಳು ಹುಟ್ಟುವುದು ಕೊಳವೆಯಲ್ಲಿ, ಬೆಳೆಯುವುದು ಸಾಕು ತಂದೆತಾಯಿಯ ಹತ್ತಿರ. ಹದಿನಾಲ್ಕು ತುಂಬಿದಾಗ ಒಂದು ಪರೀಕ್ಷೆ. ನಮ್ಮ ಎಸ್ಸೆಸ್ಸೆಲ್ಸಿಗಿಂತ ಕಷ್ಟದ್ದು. ಎಸ್ಸೆಸ್ಸೆಲ್ಸಿಯಲ್ಲಿ ಓದಿದ್ದು ಪರೀಕ್ಷೆ ಮುಗಿದ ಮೇಲೆ ಮರೆಯುತ್ತದೆ, ಅಲ್ಲಿ ಪರೀಕ್ಷೆಯ ಕೆಲಸವೇ ಮರೆಸುವುದು. ಅಮ್ಮನ ಮುಖ, ಮನೆ, ಆಡಿದ ಬೀದಿ, ಎಲ್ಲ ಅಳಿಸಿ 'ದೊಡ್ಡವನಾದೆ' ಎಂದು ಕಳಿಸುತ್ತಾರೆ. ಹಾಗೆ ಅಳಿಸುವ ಯಂತ್ರದ ಹೆಸರೇನು ಗೊತ್ತಾ? ಮದರ್. ತಾಯಿಯನ್ನು ಮರೆ ಎನ್ನುವುದು 'ತಾಯಿ'!

ಆ ಪರೀಕ್ಷೆಯಲ್ಲೇ ಅತೀಂದ್ರಿಯ ಶಕ್ತಿಯವರು ಸಿಕ್ಕಿಬೀಳುತ್ತಾರೆ. ಅವರನ್ನು ಮ್ಯೂ ಎನ್ನುತ್ತಾರೆ. ಸಿಕ್ಕವರನ್ನು ಮುಗಿಸಿಬಿಡುತ್ತಾರೆ. ಉಳಿದವರು ಒಂದು ಆಕಾಶಹಡಗಿನಲ್ಲಿ ಅಡಗಿದ್ದಾರೆ. ಇವರೇನು ಬಲಭೀಮರಲ್ಲ. ಒಬ್ಬರಿಗೆ ಕಣ್ಣಿಲ್ಲ, ಒಬ್ಬರಿಗೆ ಕಿವಿಯಿಲ್ಲ, ಬಹಳ ಮಂದಿಗೆ ಮೈಯಲ್ಲಿ ಕಸುವೇ ಇಲ್ಲ. ಜೋಮಿ ಎಂಬ ಹುಡುಗ ಮಾತ್ರ ಗಟ್ಟಿಮುಟ್ಟು, ತುಂಟ. ಪರೀಕ್ಷೆಯ ಹೊತ್ತಿಗೆ ಮ್ಯೂಗಳ ನಾಯಕ ಅಡ್ಡ ಬಂದು ಅವನನ್ನು ಉಳಿಸುತ್ತಾನೆ. ಜೋಮಿಗೆ ಅದು ಇಷ್ಟವೇ ಇಲ್ಲ. ಅವನಿಗೆ ಬೇಕಾಗಿದ್ದದ್ದು ಮನೆ, ಅಮ್ಮ.

ನನ್ನ ವಾದ ಇಷ್ಟೇ. ಇವರು ಶಕ್ತಿ ಇದೆ ಅಂತ ಓಡುತ್ತಿಲ್ಲ. ಮರೆಯೋದಿಲ್ಲ ಅಂತ ಓಡುತ್ತಿದ್ದಾರೆ. ಇದನ್ನು ಇನ್ನೂ ಎರಡು ಸಲ ಹೇಳುತ್ತೇನೆ, ಬೇಜಾರಾದರೆ ಹೊರಗೆ ಕಾಫಿ ಇದೆ.

ಜಪಾನಿನವರು ತಮ್ಮ ಕಥೆಗಳಲ್ಲಿ ಇಂಥವರನ್ನು ಯಾಕೆ ಓಡಿಸುತ್ತಾರೆ? ನಮ್ಮ ಕಡೆ ಒಬ್ಬರು ಗಾಳಿಯಿಂದ ವಿಭೂತಿ ತೆಗೆದರೆ ಕಾಲಿಗೆ ಬೀಳುವವರ ಸಾಲು ನಿಲ್ಲುತ್ತದೆ, ಓಡುವ ಪ್ರಸಂಗವೇ ಇಲ್ಲ. ನನಗೆ ನೆನಪಾಗುವುದು ಕುಮಾಮೊತೊ ಕಡೆಯ ಮಿಫುನೆ ಚಿಜುಕೊ ಎಂಬ ಹೆಣ್ಣುಮಗಳು. ಮುಚ್ಚಿದ ಡಬ್ಬಿಯೊಳಗಿನ ಬರಹ ಓದುತ್ತಾಳೆ ಎಂದು ಹೆಸರಾಯಿತು. ಟೋಕಿಯೊ ವಿಶ್ವವಿದ್ಯಾಲಯದ ಮನಃಶಾಸ್ತ್ರದ ಮೇಷ್ಟ್ರು ಫುಕುರಾಯಿ ತೊಮೊಕಿಚಿ ಅವಳನ್ನು ನಂಬಿದರು. 1910ರ ಸೆಪ್ಟೆಂಬರಿನಲ್ಲಿ ಟೋಕಿಯೊದಲ್ಲಿ ದೊಡ್ಡ ದೊಡ್ಡ ಪಂಡಿತರ ಮುಂದೆ ಪ್ರಯೋಗ. ಭೌತವಿಜ್ಞಾನಿ ಯಮಾಕಾವಾ ಕೆಂಜಿರೊ ಚೀಟಿ ಬರೆದು ಸೀಸದ ಕೊಳವೆಗಳಲ್ಲಿ ಹಾಕಿ ಮುಚ್ಚಿ ತಂದಿದ್ದರು. ಅವಳಿಗೆ ಯಾರೂ ನೋಡುವಂತಿರಬಾರದು, ಬೆನ್ನು ತಿರುಗಿಸಿ ಕೂರುವುದು ಅಭ್ಯಾಸ. ಕೂತಳು. ಮೂರು ಅಕ್ಷರ ಹೇಳಿದಳು. ಕೊಳವೆ ಒಡೆದರು, ಅಕ್ಷರ ಸರಿ ಇತ್ತು. ಆದರೆ ಯಮಾಕಾವಾ, "ಇದು ನಾನು ತಂದ ಕೊಳವೆ ಅಲ್ಲ" ಎಂದುಬಿಟ್ಟರು. ಅದು ಅಭ್ಯಾಸಕ್ಕೆಂದು ಫುಕುರಾಯಿ ಮೊದಲೇ ಕೊಟ್ಟಿದ್ದದ್ದು!

ಅವಳು ಬದಲಾಯಿಸಿದಳು ಅಂತ ಇಟ್ಟುಕೊಳ್ಳಿ. ನಾನು ಅವಳ ವಕೀಲನಲ್ಲ. ಅಂಥ ಶಕ್ತಿಯಲ್ಲಿ ನನಗೆ ಕಾಸಿನ ನಂಬಿಕೆಯೂ ಇಲ್ಲ. ಆದರೆ ಆ ಕೋಣೆಯನ್ನು ನೋಡಿ. ಕೋಟು ತೊಟ್ಟ ಗಂಡಸರು ತುಂಬಿದ್ದಾರೆ, ಇಪ್ಪತ್ತನಾಲ್ಕರ ಹೆಣ್ಣುಮಗಳು ಬೆನ್ನು ತೋರಿಸಿ ಕೂತಿದ್ದಾಳೆ. ಪತ್ರಿಕೆಗಳು ಮೊದಲು ಹೊಗಳಿದವು, ಆಮೇಲೆ ಬೆನ್ನು ಹತ್ತಿದವು. 1911ರ ಜನವರಿಯಲ್ಲಿ ಅವಳು ವಿಷ ಕುಡಿದು ಸತ್ತಳು. ಫುಕುರಾಯಿ ಕೊನೆಗೆ ವಿಶ್ವವಿದ್ಯಾಲಯ ಬಿಡಬೇಕಾಯಿತು. ತಕೆಮಿಯ ಇದನ್ನು ನೆನೆದು ಬರೆದರು ಎಂದು ನಾನು ಹೇಳುತ್ತಿಲ್ಲ. ಪರೀಕ್ಷೆಯ ಕೋಣೆಯಲ್ಲಿ ಜೋಮಿ ಒಬ್ಬನೇ ನಿಂತ ಪುಟ ತೆಗೆದಾಗ ನನಗೆ ಆ ಬೆನ್ನು ಕಾಣುತ್ತದೆ, ಅಷ್ಟೇ.

ಎಲ್ಲಿದ್ದೆ? ಹಾಂ, 'ತೆರಾ ಎ'ಯ ಇನ್ನೊಬ್ಬ ಹುಡುಗ, ಶಿರೋಎ. ಇವನ ಬಗ್ಗೆ ಅರ್ಧ ಗಂಟೆ ಮಾತಾಡಬೇಕೆಂದಿದ್ದೆ, ಸಂಘದವರು ಆಗಲೇ ಚೀಟಿ ಕಳಿಸಿದ್ದಾರೆ. ಚಿಕ್ಕದಾಗಿ ಹೇಳುತ್ತೇನೆ. ಇನ್ನೊಂದು ಕಡೆ ಕೀತ್ ಎಂಬ ಹುಡುಗ, ಆಳಲೆಂದೇ ಯಂತ್ರದ ಕೈಯಲ್ಲಿ ತಯಾರಾದವನು. ಅವನಿಗೆ ಅಳಿಸಲು ಬಾಲ್ಯವೇ ಇಲ್ಲ. ಅವನ ಶಾಲೆಗೆ ಬರುವವನು ಶಿರೋಎ. ತನ್ನ ಬಾಲ್ಯ ಕಸಿದರೆಂಬ ಸಿಟ್ಟು ಅವನಿಗೆ ಆರುವುದೇ ಇಲ್ಲ. ಒಂದು ದಿನ ಸಣ್ಣ ನೌಕೆಯೊಂದನ್ನು ಹತ್ತಿ ಒಬ್ಬನೇ ಓಡುತ್ತಾನೆ. ಹೊಡೆದು ಬೀಳಿಸು ಎಂದು ಕೀತ್‌ಗೆ ಅಪ್ಪಣೆ ಬರುತ್ತದೆ. ಕೀತ್ ಹೊಡೆಯುತ್ತಾನೆ. ಹೇಳಿದೆನಲ್ಲ, ಓಡುವುದು ಶಕ್ತಿಗಾಗಿ ಅಲ್ಲ, ನೆನಪಿಗಾಗಿ. ಇದು ಎರಡನೇ ಸಲ. ಮೂರನೆಯದನ್ನು ಬಿಟ್ಟಿದ್ದೇನೆ, ಖುಷಿಪಡಿ.

1980ರ ಸಿನಿಮಾ, 2007ರ ಟಿವಿ ಧಾರಾವಾಹಿ, ನಾಸ್ಕ ಗ್ರಹದಲ್ಲಿ ಮ್ಯೂಗಳು ಹೊಲ ಮಾಡಿ, ಕೊಳವೆ ಬಿಟ್ಟು ತಾಯ ಹೊಟ್ಟೆಯಿಂದಲೇ ಮಗು ಪಡೆದ ಭಾಗ, ತಕೆಮಿಯ ಮುಂದೆ ಕ್ಯೋತೊದ ಸೇಕಾ ವಿಶ್ವವಿದ್ಯಾಲಯದಲ್ಲಿ ಮಂಗಾ ಕಲಿಸಿ, ಅಲ್ಲಿಗೇ ಅಧ್ಯಕ್ಷರಾದದ್ದು... ಟಿಪ್ಪಣಿಯಲ್ಲಿ ಇವೆಲ್ಲ ಇದ್ದವು. ಬಿಡಿ.

ಈ ಮಂಗಾದ ಹೆಸರಿನ ಬಗ್ಗೆ ಮಾತ್ರ ಹೇಳದೆ ಇಳಿಯುವುದಿಲ್ಲ. ಮುಖಪುಟದಲ್ಲಿ 'ಭೂಮಿ' ಎಂಬ ಅಕ್ಷರಗಳಿವೆ. ಅವನ್ನು ಎಲ್ಲರೂ 'ಚಿಕ್ಯೂ' ಎಂದು ಓದುತ್ತಾರೆ. ಇಲ್ಲಿ ಮಾತ್ರ ಪಕ್ಕದಲ್ಲಿ ಪುಟ್ಟದಾಗಿ 'ತೆರಾ' ಎಂದು ಬರೆದಿದೆ. ಕಣ್ಣಿಗೆ ನಮ್ಮ ಭೂಮಿ, ಕಿವಿಗೆ ಯಾವುದೋ ದೂರದ ಹೆಸರು. ಆಮೇಲೆ 'ಎ' ಎಂಬ ಒಂದೇ ಅಕ್ಷರ, ಆಮೇಲೆ ಮೂರು ಚುಕ್ಕೆ. ಆ 'ಎ' ನಮ್ಮ ಚತುರ್ಥಿ ವಿಭಕ್ತಿ ಇದ್ದ ಹಾಗೆ. ಬಸ್ ಸ್ಟ್ಯಾಂಡಿನಲ್ಲಿ "ಎಲ್ಲಿಗೆ?" ಅಂದರೆ "ಊರಿಗೆ" ಅನ್ನುತ್ತೇವೆ. ಮುಗಿಯಿತು, ಕ್ರಿಯಾಪದ ಬೇಕಿಲ್ಲ. ಯಾರು, ಯಾವಾಗ, ತಲುಪಿದರಾ, ಒಂದೂ ಇಲ್ಲ. ಭೂಮಿಗೆ... ಅಷ್ಟೇ. ಕನ್ನಡಕ್ಕೆ ಇದನ್ನು ತರುವವರು ದಯವಿಟ್ಟು ಹಿಂದೆ ಒಂದು 'ಪಯಣ' ಅಂಟಿಸಬೇಡಿ.

ಆಯ್ತು, ಆಯ್ತು, ಇಳಿಯುತ್ತಿದ್ದೇನೆ. ನನ್ನ ಜಪಾನಿ ಪ್ರತಿ ಮೇಜಿನ ಮೇಲಿದೆ. ಭಾಷೆ ಬರದಿದ್ದರೂ ಚಿತ್ರ ನೋಡಿ. ಬಲಗಡೆಯಿಂದ ತೆರೆಯಬೇಕು. ನಮ್ಮ ಪುಸ್ತಕದ ಹಾಗೆ ತೆರೆದರೆ ಮೊದಲು ಸಿಗುವುದೇ ಕೊನೆಯ ಪುಟ. ನಾನು ಮೊದಲ ಸಲ ಹಾಗೇ ಮಾಡಿದ್ದೆ.