ಮೊದಲ ಸಾಲಿನ ಕುರ್ಚಿ ಎಷ್ಟು ದೂರ?

ನಮಸ್ಕಾರ ಕೇಳುಗರೇ.

ಸ್ನೂಕರ್ ಅಂದ ತಕ್ಷಣ ಎಲ್ಲರೂ ಆಟಗಾರರ ಬಗ್ಗೆ ಮಾತಾಡುತ್ತಾರೆ. ಯಾರ ಕೈ ಚೆನ್ನ, ಯಾರ ಬ್ರೇಕ್, ಅಂದರೆ ಒಂದೇ ಸರದಿಯಲ್ಲಿ ಗಳಿಸಿದ ಅಂಕ, ದೊಡ್ಡದು, ಇದೇ ಮಾತು. ಆಟ ನಡೆಯುವ ಹಾಲ್ ಬಗ್ಗೆ ಕೇಳುವವರೇ ಇಲ್ಲ. ಅದಕ್ಕೇ ಇವತ್ತು ನಾನು ಆ ಮಾತನ್ನೇ ಎತ್ತುತ್ತಿದ್ದೇನೆ.

ಟೇಬಲ್ ಎಲ್ಲಿ ಹೋದರೂ ಅದೇ. 12 ಅಡಿ ಉದ್ದ, 6 ಅಡಿ ಅಗಲ. ಅದೇ ಹಸಿರು ಬಟ್ಟೆ, ಅದೇ 22 ಚೆಂಡು. ಹಾಗಿದ್ದರೂ ಒಂದು ಟೂರ್ನಿ ಕಳೆಗಟ್ಟುತ್ತದೆ, ಇನ್ನೊಂದು ಸಪ್ಪೆ ಹೊಡೆಯುತ್ತದೆ. ಯಾಕೆ? ಜನ ಟೇಬಲ್‌ಗೆ ಎಷ್ಟು ಹತ್ತಿರ ಕೂತಿದ್ದಾರೆ ಅನ್ನೋದರ ಮೇಲೆ. ಅಷ್ಟೇ.

ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಕ್ರೂಸಿಬಲ್ ಅಂತ ಒಂದು ರಂಗಮಂದಿರ ಇದೆ. 1971ರಲ್ಲಿ ನಾಟಕ ಆಡೋಕೆ ಅಂತ ಕಟ್ಟಿದ್ದು. 1977ರಿಂದ ವಿಶ್ವ ಚಾಂಪಿಯನ್‌ಶಿಪ್ ಅಲ್ಲೇ ನಡೆಯುತ್ತಿದೆ. ಅದಕ್ಕೂ ಮುಂಚೆ ಈ ಟೂರ್ನಿಗೆ ನೆಲೆ ಇರಲಿಲ್ಲ. 1972ರ ಫೈನಲ್ ನಡೆದದ್ದು ಬರ್ಮಿಂಗ್‌ಹ್ಯಾಮ್‌ನ ಒಂದು ಕ್ಲಬ್ಬಿನಲ್ಲಿ. ಬಿಯರ್ ಕ್ರೇಟುಗಳ ಮೇಲೆ ಹಲಗೆ ಹಾಕಿಕೊಂಡು ಜನ ಕೂತಿದ್ದರು! ಮರುವರ್ಷ ಮ್ಯಾಂಚೆಸ್ಟರ್‌ನಲ್ಲಿ ಛಾವಣಿ ಸೋರಿ ಆಟವೇ ನಿಂತಿತು. ಆಮೇಲೆ ಒಂದು ದಿನ ಆಯೋಜಕ ಮೈಕ್ ವಾಟರ್‌ಸನ್ ಅವರ ಹೆಂಡತಿ ಕ್ರೂಸಿಬಲ್‌ಗೆ ನಾಟಕ ನೋಡೋಕೆ ಹೋಗಿದ್ದರು. ಆ ಜಾಗ ಸ್ನೂಕರ್‌ಗೆ ಒಪ್ಪುತ್ತದೆ ಅಂತ ಮನೆಗೆ ಬಂದು ಗಂಡನಿಗೆ ಹೇಳಿದರು. ಸ್ನೂಕರ್‌ನ ಹಣೆಬರಹ ಬದಲಾದದ್ದು ಹಾಗೆ.

ಅಲ್ಲಿರುವುದು ಬರೀ 980 ಸೀಟು. ರಂಗ ಜನರ ನಡುವೆ ಚಾಚಿಕೊಂಡಿದೆ. ಮೂರು ಕಡೆ ಮೆಟ್ಟಿಲು ಮೆಟ್ಟಿಲಾಗಿ ಕುರ್ಚಿ. ಹೊಡೆತ ತಪ್ಪಿದ ಆಟಗಾರ ತನ್ನ ಕುರ್ಚಿಗೆ ಬಂದು ಕೂರುತ್ತಾನೆ ಅಲ್ವಾ, ಜನ ಅವನ ಪಕ್ಕದಲ್ಲೇ ಇರುತ್ತಾರೆ. ಅವನ ಕೈಯ ನೀರಿನ ಲೋಟ ಅಲುಗುವುದೂ ಅವರಿಗೆ ಕಾಣುತ್ತದೆ. ಅವರು ಚಾಕೊಲೇಟ್ ಕಾಗದ ಬಿಚ್ಚುವ ಸದ್ದು ಅವನಿಗೆ ಕೇಳುತ್ತದೆ. ಪರೀಕ್ಷೆ ಬರೆಯುವ ಹುಡುಗನ ಬೆನ್ನ ಹಿಂದೆ ಮೇಷ್ಟ್ರು ಬಂದು ನಿಂತರೆ ಹೇಗಿರುತ್ತೆ, ಹಾಗೆ.

1985ರ ಫೈನಲ್ ಕಥೆ ಹೇಳದೆ ನಾನು ಮುಂದೆ ಹೋಗಲಾರೆ. ಒಂದು ಕಡೆ ಆಗಿನ ಚಾಂಪಿಯನ್ ಸ್ಟೀವ್ ಡೇವಿಸ್. ಇನ್ನೊಂದು ಕಡೆ ದೊಡ್ಡ ಕನ್ನಡಕದ ಡೆನಿಸ್ ಟೇಲರ್. ಪಂದ್ಯದೊಳಗಿನ ಒಂದೊಂದು ಆಟಕ್ಕೆ ಫ್ರೇಮ್ ಅನ್ನುತ್ತಾರೆ. ಮೊದಲು 18 ಫ್ರೇಮ್ ಗೆದ್ದವರಿಗೆ ಪಟ್ಟ. ಡೇವಿಸ್ ಶುರುವಿಗೇ 8-0 ಮುಂದೆ. ಇನ್ನೇನು ಮುಗೀತು ಅಂತ ಎಲ್ಲರೂ ಅಂದುಕೊಂಡರು. ಟೇಲರ್ ಬಿಡಲಿಲ್ಲ. ಒಂದೊಂದೇ ಫ್ರೇಮ್ ಕಿತ್ತುಕೊಂಡು 17-17ಕ್ಕೆ ತಂದು ನಿಲ್ಲಿಸಿದರು. ಕೊನೆಯ ಫ್ರೇಮ್ ಒಂದೇ 68 ನಿಮಿಷ ಎಳೆಯಿತು. ಕೊನೆಯ ನಾಲ್ಕು ಚೆಂಡು ಉಳಿದಾಗ ಡೇವಿಸ್ 62 ಅಂಕ, ಟೇಲರ್ 44. ಟೇಲರ್‌ಗೆ ನಾಲ್ಕೂ ಬೇಕು. ಕಂದು ಹೋಯಿತು, ನೀಲಿ ಹೋಯಿತು, ಗುಲಾಬಿ ಹೋಯಿತು. ಉಳಿದದ್ದು ಕಪ್ಪು. ಅದನ್ನು ಹಾಕಿದವರೇ ವಿಶ್ವ ಚಾಂಪಿಯನ್!

ಈಗ ಆ ಹಾಲ್ ನೆನೆಸಿಕೊಳ್ಳಿ. ರಾತ್ರಿ 12 ದಾಟಿದೆ. ಒಬ್ಬರೂ ಎದ್ದಿಲ್ಲ. ಟೇಲರ್ ಹೊಡೆದರು, ಬೀಳಲಿಲ್ಲ. ಹಾಲ್ ಪೂರ್ತಿ ಒಟ್ಟಿಗೆ ‘ಹೋ’ ಅಂತು. ಆಮೇಲೆ ಡೇವಿಸ್, ಮತ್ತೆ ಟೇಲರ್. ಪ್ರತಿ ಹೊಡೆತಕ್ಕೂ ಉದ್ಗಾರ, ಮರುಕ್ಷಣ ಮೌನ. ಕಡೆಗೆ ಡೇವಿಸ್‌ಗೆ ಕಪ್ಪು ಸಿಕ್ಕಿತು. ಬೇರೆ ದಿನವಾಗಿದ್ದರೆ ಅವರು ಬಿಡುವ ಹೊಡೆತವೇ ಅಲ್ಲ. ಅವತ್ತು ತೀರಾ ತೆಳುವಾಗಿ ತಾಗಿತು, ಪಾಕೆಟ್ ತಪ್ಪಿತು. ಟೇಲರ್ ಹಾಕಿದರು. ಚೆಂಡು ಹೊಡೆಯುವ ಕೋಲು, ಕ್ಯೂವನ್ನು ಎರಡೂ ಕೈಯಲ್ಲಿ ತಲೆ ಮೇಲೆತ್ತಿ ಹಿಡಿದರು. ಇಡೀ ಪಂದ್ಯದಲ್ಲಿ ಅವರು ಮುಂದೆ ಹೋದದ್ದು ಆ ಒಂದೇ ಸಲ. ಬ್ರಿಟನ್ನಿನಲ್ಲಿ 1.85 ಕೋಟಿ ಜನ ಟಿವಿಯಲ್ಲಿ ನೋಡಿದರು. ಡೇವಿಸ್ ಕೈಗೆ ತಟ್ಟಿದ್ದು ಆ ಕೋಟಿ ಜನರಲ್ಲ, ಎದುರಿಗೇ ಕೂತಿದ್ದ ಆ ಕೆಲವು ನೂರು ಜನ. ಹತ್ತಿರ ಕೂತಿದ್ದರು, ಅದಕ್ಕೆ.

ಕ್ರೂಸಿಬಲ್ ಚಿಕ್ಕದು, ದೊಡ್ಡ ಹಾಲ್‌ಗೆ ಹೋಗಿ, ಟಿಕೆಟ್ ಜಾಸ್ತಿ ಮಾರಿ ಅನ್ನುವವರು ಇದ್ದಾರೆ. ಈ ಮಾತು ಕೇಳಿದರೆ ನನಗೆ ತಾಳ್ಮೆ ಉಳಿಯುವುದಿಲ್ಲ. ಚಿಕ್ಕದಾಗಿರುವುದೇ ಅದರ ಬಲ ಕಣ್ರೀ! ಮೊದಲ ಸುತ್ತುಗಳಲ್ಲಿ ಅಲ್ಲಿ ಎರಡು ಟೇಬಲ್, ನಡುವೆ ಒಂದು ಪರದೆ. ಆಚೆ ಚಪ್ಪಾಳೆ ಬಿದ್ದರೆ ಈಚೆ ಬಗ್ಗಿ ಗುರಿ ಹಿಡಿದವನು ಎದ್ದು ನಿಲ್ಲಬೇಕು. ಸೆಮಿಫೈನಲ್‌ಗೆ ಪರದೆ ಹೋಗಿ ಒಂದೇ ಟೇಬಲ್ ಉಳಿಯುತ್ತದೆ. ಆಗ ಎಲ್ಲ ಕಣ್ಣೂ ಅದೊಂದರ ಮೇಲೆ.

ಲಂಡನ್ನಿನ ಅಲೆಕ್ಸಾಂಡ್ರಾ ಪ್ಯಾಲೇಸ್ ಬೇರೆ ಥರ. 2012ರಿಂದ ಮಾಸ್ಟರ್ಸ್ ಅನ್ನುವ ಟೂರ್ನಿ ಅಲ್ಲಿ ನಡೆಯುತ್ತದೆ. ಹದಿನಾರೇ ಆಟಗಾರರು, ಒಂದೇ ಟೇಬಲ್. ಜನ ಹೆಸರು ಹಿಡಿದು ಕೂಗುತ್ತಾರೆ, ರೆಫರಿ ಸುಮ್ಮನಿರಿ ಅಂತ ಹೇಳುತ್ತಲೇ ಇರಬೇಕು. ಬರ್ಲಿನ್‌ನ ಟೆಂಪೊಡ್ರೋಮ್ ದೊಡ್ಡದು, ಡೇರೆಯ ಹಾಗೆ ಛಾವಣಿ, ಒಳಗೆ ಸುಮಾರು 2,500 ಜನ. ದೊಡ್ಡ ಹಾಲ್ ಸಪ್ಪೆ ಅಲ್ವಾ ಅಂತ ಕೇಳಬಹುದು. ಅಲ್ಲ. ಅಲ್ಲೂ ಸೀಟುಗಳು ಸುತ್ತುವರಿದು ಟೇಬಲ್ ಕಡೆ ಇಳಿಯುತ್ತವೆ. ಅಂದರೆ ಮತ್ತೆ ಅದೇ, ಹತ್ತಿರ.

ಜನರೇ ಇಲ್ಲದಿದ್ದರೆ? ಅದನ್ನೂ ನೋಡಿದ್ದೇವೆ. 2020ರಲ್ಲಿ ಕೋವಿಡ್ ಬಂದಾಗ ಮಿಲ್ಟನ್ ಕೀನ್ಸ್‌ನಲ್ಲಿ ಖಾಲಿ ಹಾಲ್‌ನಲ್ಲಿ ಟೂರ್ನಿ ಮೇಲೆ ಟೂರ್ನಿ ಆಡಿಸಿದರು. ಆಟಗಾರರು ಅವರೇ, ಟೇಬಲ್ ಅದೇ. ಸೆಂಚುರಿ ಬ್ರೇಕ್ ಹೊಡೆದರೂ ಒಂದು ಚಪ್ಪಾಳೆ ಇಲ್ಲ. ಪ್ರಾಕ್ಟೀಸ್ ನೋಡಿದ ಹಾಗಿತ್ತು.

ಶೂಟ್ ಔಟ್ ಅಂತ ಇನ್ನೊಂದು ಟೂರ್ನಿ ಇದೆ. 10 ನಿಮಿಷದ ಒಂದೇ ಫ್ರೇಮ್, ಜನ ಆಟದ ಮಧ್ಯೆಯೇ ಕಿರುಚಬಹುದು. ಅದರ ಬಗ್ಗೆ ಹೇಳೋದು ಬಹಳ ಇತ್ತು, ಸಮಯ ಇಲ್ಲ. ಒಂದು ಕೋರಿಕೆ ಮಾತ್ರ. ಏಪ್ರಿಲ್‌ನಲ್ಲಿ ವಿಶ್ವ ಚಾಂಪಿಯನ್‌ಶಿಪ್ ಶುರುವಾದಾಗ ಟಿವಿ ಸೌಂಡ್ ತೆಗೆದು ನೋಡಬೇಡಿ. ಹೊಡೆತಕ್ಕೆ ಮುಂಚೆ ಹಾಲ್ ಹೇಗೆ ಸದ್ದಡಗುತ್ತದೆ, ಅದನ್ನು ಕೇಳಿಸಿಕೊಳ್ಳಿ. ಮೊದಲ ಸಾಲಿನಲ್ಲಿ ಕೂತವರ ಮುಖವನ್ನೂ ನೋಡಿ. ನಮಸ್ಕಾರ.